ಕೈಗೆ ಮಾತ್ರ ಹೊಡೆಯಬಾರದು

ನಮ್ಮ ಬೀದಿಯಲ್ಲಿ ಹೆಂಡತಿಯ ಕೈಗೆ ಯಾರೂ ಹೊಡೆಯುವುದಿಲ್ಲ. ಕಾಂಚೀಪುರದ ಮಿಕ್ಕ ನೇಕಾರ ಬೀದಿಗಳ ಮಾತು ನನಗೆ ಗೊತ್ತಿಲ್ಲ, ನಮ್ಮದರಲ್ಲಿ ಇದು ಅಜ್ಜಂದಿರ ಕಾಲದ ಕಟ್ಟಳೆ. ಪಿಳ್ಳೆಯಾರ್ ಗಣಪನ ಗುಡಿಯ ಕಟ್ಟೆಯ ಮೇಲೆ ಎಂಥ ಪಂಚಾಯಿತಿ ನಡೆದರೂ ಹಿರಿಯರು ಕೊನೆಗೆ ಗಂಡನ ಬೆನ್ನು ತಟ್ಟಿ ಹೇಳುವುದು ಒಂದೇ ಮಾತು: "ಕೈ ಜೋಪಾನ ಕಣಪ್ಪಾ." ಮಿಕ್ಕ ಮೈಗೆ ಕಟ್ಟಳೆ ಇಲ್ಲ.

ಕಾರಣವನ್ನೂ ಹೇಳಿಬಿಡುತ್ತೇನೆ. ನಮ್ಮ ಸೀರೆಯ ಒಡಲು ಒಂದು ಬಣ್ಣ, ಅಂಚು ಇನ್ನೊಂದು ಬಣ್ಣ. ಎರಡನ್ನೂ ಎಳೆಗೆ ಎಳೆ ಕೂಡಿಸುತ್ತ ನೇಯಬೇಕು. ಅದಕ್ಕೆ ಮೂರು ಲಾಳಿ ಬೇಕು, ಎರಡು ಜನ ಬೇಕು. ಗಂಡ ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತರೆ ಹೆಂಡತಿ ಅವನ ಎಡಕ್ಕೆ ಕೂತು ಆ ಕಡೆಯ ಅಂಚಿನ ಲಾಳಿ ಎಸೆಯುತ್ತಾಳೆ. ಅವಳ ಕೈ ಕೆಟ್ಟರೆ ಮಗ್ಗ ನಿಂತಿತು. ಮಗ್ಗ ನಿಂತರೆ ರೇಷ್ಮೆ ಕೊಟ್ಟ ಯಜಮಾನನಿಗೆ ನಷ್ಟ, ಅವನಿಗೆ ನಷ್ಟವಾದರೆ ಇಡೀ ಬೀದಿಗೇ ಕೆಲಸ ಕಡಿಮೆ. ತಲೆ, ಬೆನ್ನು, ಪಕ್ಕೆ ಇವು ಲಾಳಿ ಎಸೆಯುವುದಿಲ್ಲವಲ್ಲ.

ನನ್ನ ಗಂಡನೂ ಕಟ್ಟಳೆ ಮೀರಿದವನಲ್ಲ. ಇಪ್ಪತ್ತೆರಡು ವರ್ಷ ಸಂಸಾರ ಮಾಡಿ ಸತ್ತ. ನನ್ನ ಎಡಗಿವಿ ಕೇಳುವುದಿಲ್ಲ, ಬಲಗಡೆ ಎರಡು ಹಲ್ಲಿಲ್ಲ, ಹತ್ತು ಬೆರಳೂ ನೆಟ್ಟಗಿವೆ. ಅವನ ತಿಥಿಯ ದಿನ ನಾಲ್ಕು ಜನರ ಮುಂದೆ ನಾನೇ ಹೊಗಳಿದ್ದೆ, "ಎಷ್ಟು ಕುಡಿದು ಬಂದ್ರೂ ಕೈ ಮುಟ್ತಿರ್ಲಿಲ್ಲ, ಪುಣ್ಯಾತ್ಮ" ಎಂದು. ಈಗ ನೆನೆದರೆ ನನ್ನ ನಾಲಿಗೆಗೆ ನಾನೇ ಬರೆ ಹಾಕಿಕೊಳ್ಳಬೇಕು ಅನ್ನಿಸುತ್ತದೆ. ಆಗ ಹಾಗನ್ನಿಸಲಿಲ್ಲ.

ಪೂಂಗಾವನ ನನ್ನ ತಂಗಿಯ ಮಗಳು, ಆರಣಿಯವಳು. ಪಕ್ಕದ ಮನೆಯ ಮಾಸಿಲಾಮಣಿಗೆ ಅವಳನ್ನು ತಂದವಳು ನಾನೇ. ಹುಡುಗ ಒಳ್ಳೆಯ ಕೆಲಸಗಾರ, ಅವನ ಮಗ್ಗಕ್ಕೂ ನನ್ನ ಅಡುಗೆಮನೆಗೂ ನಡುವೆ ಒಂದೇ ಗೋಡೆ, ನನಗೆ ಮಕ್ಕಳಿಲ್ಲ, ಹುಡುಗಿ ಕಣ್ಣಳತೆಯಲ್ಲಿ ಇರುತ್ತಾಳೆ ಎಂದುಕೊಂಡೆ. ಇದ್ದಳು. ಏಳು ವರ್ಷ ಅವಳು ತಿಂದ ಏಟೆಲ್ಲ ನನ್ನ ಬಲಗಿವಿಗೆ ಕೇಳಿಸಿತು. ಒಲೆಯ ಮುಂದೆ ಕೂತು ಲಾಳಿಯ ಕಂಡಿಕೆಗೆ ರೇಷ್ಮೆ ಸುತ್ತುತ್ತ ಕೇಳಿಸಿಕೊಂಡೆ. ಎದುರು ಮನೆಯ ತಾಯಾರಮ್ಮ ತನ್ನ ಜಗಲಿಯಿಂದ ನನ್ನ ಮುಖ ನೋಡಿ ಹೇಳುತ್ತಿದ್ದಳು, "ಬಿಡೇ ವಡಿವು, ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ." ನಾನೂ ಹೂಂ ಅನ್ನುತ್ತಿದ್ದೆ.

ಎರಡು ಸಲ ಅವಳು ತೌರಿಗೆ ಓಡಿದಳು. ನಮ್ಮಲ್ಲಿ ಮಗ್ಗದ ಮೇಲೆ ಹಾಸು, ಉದ್ದಕ್ಕೆ ಬಿಗಿದ ಎಳೆಗಳು, ಇರುವಾಗ ಹೆಂಗಸು ಮನೆ ಬಿಡಬಾರದು, ಅದು ಯಜಮಾನನ ರೇಷ್ಮೆ, ಯಜಮಾನನ ಜರಿ. ಎರಡು ಸಲವೂ ಅವಳ ಅಣ್ಣನೇ ಬಸ್ಸಿನಲ್ಲಿ ಕರೆತಂದು ಬಿಟ್ಟ. "ಹಾಸು ಮುಗಿಸಿ ಬಾಮ್ಮ, ಯಾರು ಬೇಡ ಅಂತಾರೆ" ಎಂದ. ಅವನೂ ನೇಕಾರನೇ. ಹಾಸು ಮುಗಿಯುವುದಿಲ್ಲ ಎಂದು ಅವನಿಗೆ ಗೊತ್ತಿರಲಿಲ್ಲವೇ? ಹಳೆಯ ಹಾಸಿನ ತುದಿಗೆ ಹೊಸ ಹಾಸಿನ ಎಳೆಗಳನ್ನು ಒಂದೊಂದಾಗಿ ಹೊಸೆದು ಸೇರಿಸುತ್ತೇವೆ. ಮದುವೆಯಾದ ದಿನ ಕೂತ ಹೆಂಗಸು ಕಣ್ಣು ಮಂಜಾದ ಮೇಲೆಯೇ ಏಳುವುದು.

ಅವಳು ಬಂದ ಏಳನೆಯ ವರ್ಷ ಮದುವೆ ತಿಂಗಳುಗಳಿಗೆ ಮೊದಲು ಯಜಮಾನ ಕಂದಪ್ಪ ಮುದಲಿಯಾರರ ಪಡಸಾಲೆಯಲ್ಲಿ ಸೀರೆ ನೋಡುವ ದಿನ ಬಂತು. ಬೀದಿಯ ಮೂವತ್ತು ಮಗ್ಗಕ್ಕೂ ರೇಷ್ಮೆ ಕೊಡುವವರು ಅವರೇ. ನಾವೆಲ್ಲ ಗೋಡೆಗೆ ಒರಗಿ ಕೂತಿದ್ದೆವು. ಕಂದಪ್ಪನವರು ಮಾಸಿಲಾಮಣಿಯ ಸೀರೆಯನ್ನು ತೊಡೆಯ ಮೇಲೆ ಹರಡಿಕೊಂಡು ಎಡಗಡೆಯ ಅಂಚನ್ನು ಬೆರಳಲ್ಲಿ ಸವರುತ್ತ ಹೋದವರು ಒಂದು ಕಡೆ ನಿಂತರು.

"ಏನೋ ಇದು? ಇಲ್ಲೊಂದು ಗೇಣು ಅಂಚೂ ಒಡಲೂ ಕೂಡೇ ಇಲ್ವಲ್ಲೋ. ಮದುವೆ ಹೆಣ್ಣು ಉಟ್ಕೊಂಡು ನಾಕು ಹೆಜ್ಜೆ ಇಟ್ರೆ ಅಂಚು ಒಂದ್ ಕಡೆ, ಹೆಣ್ಣು ಒಂದ್ ಕಡೆ!"

ಎಲ್ಲರೂ ನಕ್ಕರು. ಮಾಸಿಲಾಮಣಿ ತಲೆ ಕೆರೆದುಕೊಂಡ. "ಎಡಗಡೆ ಅವಳದು ಯಜಮಾನ್ರೇ. ಅವಳ್ನೇ ಕೇಳಿ. ಎಲ್ಲೋ ನೋಡ್ಕೊಂಡು ಎಸೀತಾಳೆ."

ಇಂಥ ಕಡೆ ಹೆಂಗಸು ತಲೆ ತಗ್ಗಿಸಿ ತಪ್ಪಾಯಿತು ಅನ್ನಬೇಕು. ಪೂಂಗಾವನ ತಲೆ ಎತ್ತಿದಳು.

"ಆವತ್ತು ಒಂದು ಕಣ್ಣು ಬಿಡಕ್ಕೆ ಆಗ್ತಿರ್ಲಿಲ್ಲ ಯಜಮಾನ್ರೇ. ಹಿಂದಿನ ದಿನ ಇವ್ರು ಹಿತ್ತಾಳೆ ಚೆಂಬಲ್ಲಿ ಹೊಡ್ದಿದ್ರು. ಆ ಒಂದು ಗೇಣು ಒಂಟಿ ಕಣ್ಣಲ್ಲಿ ನೇಯ್ದಿದ್ದು."

ಕಂದಪ್ಪನವರು ಕನ್ನಡಕ ಏರಿಸಿದರು.

"ಚೆಂಬಲ್ಲಾ? ಎಲ್ಲಿಗೆ?"

"ಕಣ್ಣಿಗೆ."

"ಕೈಗಲ್ವಲ್ಲ?"

"ಅಲ್ಲ."

"ಅಲ್ಲಯ್ಯಾ ಮಾಸಿಲಾಮಣಿ, ಕೈಗಲ್ಲ, ಸರಿ. ಕಣ್ಣೂ ಬೇಕಲ್ಲೋ ನೇಯಕ್ಕೆ! ಅಷ್ಟೂ ಬುದ್ಧಿ ಬೇಡ್ವಾ?" ಎಂದವರು ಅವನ ಕೂಲಿಯಲ್ಲಿ ಎಂಟುನೂರು ಹಿಡಿದುಕೊಂಡರು. ಮೂಲೆಯಿಂದ ಯಾರೋ ಕೂಗಿದರು, "ಇನ್ಮೇಲೆ ಬೆನ್ನಿಗೇ ಇಟ್ಕೊಳೋ, ಬೆನ್ನಿಗೆ ಕಣ್ಣಿರಲ್ಲ!" ಮತ್ತೆ ನಗು. ನಾನೂ ನಕ್ಕೆನೋ ಏನೋ. ಆಮೇಲೆ ಮಾಸಿಲಾಮಣಿಯ ಕಡೆ ನೋಡಿದೆ. ಅವನೂ ನಗುತ್ತಿದ್ದ, ಹೆಂಡತಿಯನ್ನೇ ನೋಡುತ್ತ ನಗುತ್ತಿದ್ದ.

ಆ ದಿನದಿಂದ ಗೋಡೆಯ ಆಚೆ ಕೂಗಾಟವಿಲ್ಲ. ಪಾತ್ರೆ ಬೀಳುವ ಸದ್ದಿಲ್ಲ. ತಾಯಾರಮ್ಮ ಖುಷಿಪಟ್ಟಳು, "ನೋಡಿದ್ಯಾ, ಎಂಟುನೂರು ಹೋಗಿದ್ದೇ ತಡ ದಾರಿಗೆ ಬಂದ." ನಾನು ನಂಬಲಿಲ್ಲ. ಹಾವು ಬುಸುಗುಟ್ಟುತ್ತಿರುವಷ್ಟು ಹೊತ್ತು ಅದು ಎಲ್ಲಿದೆ ಎಂದಾದರೂ ಗೊತ್ತಿರುತ್ತದೆ. ಈಗ ಮಗ್ಗದ ಸದ್ದು ಮಾತ್ರ. ಲಾಳಿ, ಲಾಳಿ, ಲಾಳಿ, ಎಳೆ ಬಿಗಿಯುವ ಹಲಗೆಯ ಏಟು. ಅದರ ನಡುವೆ ಒಂದು ಬೆಳಿಗ್ಗೆ ಅವನ ಮಾತು ಕೇಳಿಸಿತು. ಮಗುವಿಗೆ ಹೇಳುವಷ್ಟು ಮೆತ್ತಗೆ ಹೇಳಿದ.

"ಈ ಸೀರೆ ಮಗ್ಗದಿಂದ ಇಳೀಲಿ."

ನೀರಿನ ನಲ್ಲಿಯ ಹತ್ತಿರ ಪೂಂಗಾವನಳನ್ನು ಹಿಡಿದು ಕೇಳಿದೆ. ಅವಳು ಕೊಡದ ಬಾಯಿಗೆ ಬಟ್ಟೆ ಕಟ್ಟುತ್ತ ಹೇಳಿದಳು, "ದಿನಾ ಅಷ್ಟೇ ಅಂತಾರೆ ದೊಡ್ಡಮ್ಮ. ಹೊಡೆಯಲ್ಲ. ಸೀರೆ ಇಳೀಲಿ ಅಂತಾರೆ. ಅವ್ರ ಅಕ್ಕನ ಮಗಳು ಬರ್ತಾಳಂತೆ ಕೂರಕ್ಕೆ. 'ಲಾಳಿ ಎಸೆಯಕ್ಕೆ ನೀನೇ ಆಗ್ಬೇಕಾ' ಅಂತಾರೆ."

"ಅಂದ್ರೆ ನಿನ್ನ ತೌರಿಗೆ ಕಳಿಸ್ತಾನೆ ಅಷ್ಟೇ ತಾನೆ?"

ಅವಳು ನನ್ನ ಮುಖ ನೋಡಿದಳು. "ಹಿತ್ತಲ ಬಾಗಿಲ ಹಿಂದೆ ಸೀಮೆಎಣ್ಣೆ ತಂದಿಟ್ಟವ್ರೆ. ಐದು ಲೀಟರ್ ಕ್ಯಾನು."

"ನಿಮ್ಮನೇಲಿ ಸೌದೆ ಒಲೆ ಅಲ್ವೇನೆ. ಸ್ಟೋವೇ ಇಲ್ವಲ್ಲ."

"ಸ್ಟೋವೂ ತರ್ತಾರಂತೆ. ಸೀರೆ ಇಳಿದ್ಮೇಲೆ."

ಸ್ಟೋವ್ ಸಿಡಿಯುವುದು ಏನೆಂದು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಅದು ಅತ್ತೆಯ ಮೇಲೆ ಸಿಡಿಯುವುದಿಲ್ಲ, ಗಂಡನ ಮೇಲೆ ಸಿಡಿಯುವುದಿಲ್ಲ, ಸೊಸೆಯ ಮೇಲೆ ಮಾತ್ರ ಸಿಡಿಯುತ್ತದೆ. ಸೀರೆ ಇನ್ನೆಷ್ಟಿದೆ ಎಂದು ಕೇಳಿದೆ. ಒಂಬತ್ತು ಮೊಳ ಎಂದಳು. ಇಬ್ಬರು ಸರಿಯಾಗಿ ಕೂತರೆ ದಿನಕ್ಕೆ ಒಂದು ಮೊಳ.

ಅಲ್ಲಿಂದ ಅವಳು ನಿಧಾನ ಮಾಡತೊಡಗಿದಳು. ಎಳೆಯನ್ನು ಉಗುರಲ್ಲಿ ಕಡಿದುಬಿಡುವುದು, ಹುಡುಕಿ ಗಂಟು ಹಾಕಲು ಅರ್ಧ ದಿನ ತೆಗೆದುಕೊಳ್ಳುವುದು. ಎಷ್ಟು ಮೊಳ ಉಳಿದಿದೆಯೋ ಅಷ್ಟು ಅವಳ ಆಯುಸ್ಸು. ನಾನು ಗೋಡೆಗೆ ಬಲಗಿವಿ ಆನಿಸಿ ಹಲಗೆಯ ಏಟು ಎಣಿಸುತ್ತಿದ್ದೆ. ಏಟು ಬೇಗ ಬೇಗ ಬಿದ್ದರೆ ಎದೆ ಹೊಡೆದುಕೊಳ್ಳುತ್ತಿತ್ತು, ನಿಂತರೆ ಉಸಿರು ಬರುತ್ತಿತ್ತು. ಆಮೇಲೆ ನಿಂತದ್ದು ಯಾಕೋ ಎಂದು ಮತ್ತೆ ಎದೆ ಹೊಡೆದುಕೊಳ್ಳುತ್ತಿತ್ತು. ಒಂದು ದಿನ ಅವನು ಅಂದದ್ದು ಕೇಳಿಸಿತು, "ಕಡಿ, ಕಡಿ. ಎಷ್ಟು ದಿನ ಕಡೀತೀಯ, ನಾನೂ ನೋಡ್ತೀನಿ."

ಪೊಲೀಸಿಗೆ ಹೋಗಬಹುದಿತ್ತು ಎಂದು ನೀವು ಅನ್ನಬಹುದು. ನಮ್ಮ ಬೀದಿಯಿಂದ ಒಬ್ಬಳು ಹೋಗಿದ್ದಳು, ಕೊನೆಯ ಮನೆಯವಳು. ಗಂಡನನ್ನು ಒಂಬತ್ತು ದಿನ ಒಳಗಿಟ್ಟರು. ಮೂರನೇ ದಿನವೇ ಕಂದಪ್ಪನವರ ಆಳು ಬಂದು ಹಾಸು ಕತ್ತರಿಸಿಕೊಂಡು ಹೋದ. ಆಮೇಲೆ ಆ ಮನೆಗೆ ಯಾರೂ ಒಂದೆಳೆ ರೇಷ್ಮೆ ಕೊಡಲಿಲ್ಲ. ಅತ್ತೆ ಬೈದಳು, ಮಕ್ಕಳು ಬೈದವು, ಗಂಡ ಬಂದು ಮತ್ತೆ ಹೊಡೆದ. ಸ್ಟೇಷನ್ನಿನಲ್ಲಿ ನ್ಯಾಯ ಸಿಗುತ್ತದೆ, ರೇಷ್ಮೆ ಸಿಗುವುದಿಲ್ಲ ಎಂದು ಅಂದಿನಿಂದ ಬೀದಿಯ ಗಾದೆ.

ಹಾಗಾಗಿ ಕಂದಪ್ಪನವರ ಹತ್ತಿರವೇ ಹೋದೆ. ಮಂಡಿ ಹಿಡಿದುಕೊಂಡು, ಹೆದರಿಕೊಂಡು ಹೋದೆ. ನನಗೂ ಸುತ್ತಲು ರೇಷ್ಮೆ ಕೊಡುವವರು ಅವರೇ ತಾನೆ. ಅವರು ಕಾಫಿ ಲೋಟ ಕೆಳಗಿಟ್ಟು ಮೊದಲು ಕೇಳಿದ್ದು ಇದು:

"ಕೈ ಹೆಂಗಿದೆ ಅವಳದು?"

"ಕೈ ಚೆನ್ನಾಗಿದೆ ಯಜಮಾನ್ರೇ."

"ಮತ್ತಿನ್ನೇನು?"

"ಕೊಲ್ತಾನೆ. ಸೀಮೆಎಣ್ಣೆ ತಂದಿಟ್ಟವ್ನೆ."

"ಸೀಮೆಎಣ್ಣೆ ಯಾರ್ ಮನೇಲಿಲ್ಲ ಹೇಳು. ಆಗ್ದೆ ಇರೋದಕ್ಕೆಲ್ಲ ಪಂಚಾಯ್ತಿ ಕರೆಯಕ್ಕಾಗತ್ತೇನಮ್ಮ? ಮದುವೆ ತಿಂಗಳು. ಮೂವತ್ತು ಮಗ್ಗ ನಿಲ್ಸಿ ಗಂಡಸ್ರನ್ನೆಲ್ಲ ಕಟ್ಟೆ ಮೇಲೆ ಕೂರ್ಸಿದ್ರೆ ನಷ್ಟ ನೀನು ತುಂಬ್ಕೊಡ್ತೀಯಾ?" ಆಮೇಲೆ ಸ್ವಲ್ಪ ಮೆತ್ತಗಾದರು. ಕೆಟ್ಟವರಲ್ಲ. "ಏನಾದ್ರೂ ಆದ್ರೆ ಬಾ ವಡಿವು. ಆಗ ನೋಡೋಣ."

ಅದೇ ಸಂಜೆ ಮಾಸಿಲಾಮಣಿ ನನ್ನ ಬಾಗಿಲಿಗೆ ಬಂದ. ಚಪ್ಪಲಿ ಬಿಟ್ಟು, ಹೊಸ್ತಿಲ ಆಚೆಯೇ ನಿಂತ.

"ಯಜಮಾನ್ರ ಮನೇಗೆ ಹೋಗಿದ್ರಂತೆ ದೊಡ್ಡಮ್ಮ. ಮಂಡಿ ನೋವಿರೋರು ಅಷ್ಟು ದೂರ ಯಾಕೆ ನಡೆಯಕ್ಕೆ ಹೋದ್ರಿ? ನನ್ನ ಕರೆದಿದ್ರೆ ಸೈಕಲ್ ಮೇಲೆ ಬಿಡ್ತಿರ್ಲಿಲ್ವಾ?"

ಅವನು ಒಳಗೆ ಕಣ್ಣಾಡಿಸಿದ. ಸೌದೆ ನೋಡಿದ, ಒಲೆ ನೋಡಿದ, ಬುಟ್ಟಿಯಲ್ಲಿದ್ದ ರೇಷ್ಮೆ ನೋಡಿದ.

"ಒಂಟಿ ಜೀವ. ಒಲೆ ಹತ್ರ ಹುಷಾರಾಗಿರಿ. ರೇಷ್ಮೆ ಬೇರೆ ಇಟ್ಕೊಂಡಿದ್ದೀರಿ" ಎಂದು ಚಪ್ಪಲಿ ಮೆಟ್ಟಿಕೊಂಡು ಹೋದ. ಆ ಹೊತ್ತು ನಾನು ಒಲೆ ಹಚ್ಚಲಿಲ್ಲ. ಮಾರನೆಯ ದಿನವೂ ತಣ್ಣನೆಯ ಅನ್ನಕ್ಕೆ ಮಜ್ಜಿಗೆ ಕಲಸಿಕೊಂಡು ತಿಂದೆ.

ಗುರುವಾರ ಎರಡು ಮೊಳ ಉಳಿದಿತ್ತು. ಬೆಳಿಗ್ಗೆ ಹತ್ತು ಗಂಟೆಗೆ ಮಾಸಿಲಾಮಣಿ ಕೊನೆಯ ಜರಿ ತರಲು ಯಜಮಾನರ ಮನೆಗೆ ಹೊರಟ. ಅವನ ಸೈಕಲ್ಲು ಬೀದಿ ತಿರುಗುವುದೇ ತಡ, ಪೂಂಗಾವನ ನನ್ನ ಹಿತ್ತಲ ಬಾಗಿಲಿನಿಂದ ಒಳಗೆ ಬಂದಳು. ಸೆರಗಿನಲ್ಲಿ ಭಾರವಾದದ್ದೇನನ್ನೋ ಹಿಡಿದಿದ್ದಳು. ಮಸಾಲೆ ಅರೆಯುವ ಗುಂಡುಕಲ್ಲು. ಅದನ್ನು ನನ್ನ ತೊಡೆಯ ಪಕ್ಕ ಇಟ್ಟು, ಎಡಗೈಯನ್ನು ಹೊಸ್ತಿಲ ಮೇಲೆ ಚಾಚಿದಳು.

"ಹೊಡಿ ದೊಡ್ಡಮ್ಮ."

"ಏನೇ?"

"ಎರಡು ಬೆರಳು ಸಾಕು. ಕಿರುಬೆರಳು, ಅದ್ರ ಪಕ್ಕದ್ದು. ಅವ್ರು ಬರೋದ್ರೊಳಗೆ ಹೊಡಿ."

"ಹುಚ್ಚು ಹಿಡೀತಾ ನಿಂಗೆ?"

"ನಾನೇ ಹೊಡ್ಕೊಳಕ್ಕೆ ನೋಡ್ದೆ. ಕಲ್ಲು ಇಳಿಯೋ ಹೊತ್ಗೆ ಕೈ ತಾನೇ ಜಾರ್ಕೊಂಡುಬಿಡುತ್ತೆ. ನಂಗೆ ಆಗ್ತಿಲ್ಲ." ಅವಳು ಅಳುತ್ತಿರಲಿಲ್ಲ. ಬೆವರುತ್ತಿದ್ದಳು. "ಕತ್ತು ಹಿಸುಕಿದಾಗ ಯಾರಾದ್ರೂ ಬಂದ್ರಾ? ಪಕ್ಕೆ ಮುರ್ದಾಗ ಬಂದ್ರಾ? ನೀನು ಬಂದ್ಯಾ?"

ನಾನು ಕಲ್ಲನ್ನು ಅವಳ ಕಡೆಗೇ ಸರಿಸಿದೆ.

"ಕೈ ಹೋದ್ರೆ ಬರ್ತಾರೆ" ಎಂದಳು.

"ಕೈ ಹೋದ್ರೆ ನಾಳೆ ಏನು ತಿಂತೀಯೆ ಪೂಂಗಾ?"

"ನಾಳೆ ಅಂತ ಇದ್ರೆ ತಾನೆ ತಿನ್ನೋದು."

ನಾನು ಆಗುವುದಿಲ್ಲ ಎಂದೆ. ಬಾ, ಬಸ್ಸು ಹತ್ತಿಬಿಡೋಣ ಎಂದೆ. ಎಲ್ಲಿಗೆ ಎಂದಳು. ಆರಣಿಗೆ ಎಂದು ಬಾಯಿಗೆ ಬಂದದ್ದನ್ನು ನುಂಗಿಕೊಂಡೆ. ಕಾಲು ಹಿಡಿಯುತ್ತೇನೆ ಬೇಡ ಎಂದೆ. ಅವಳು ಬಾಗಿಲ ಕಡೆ ನೋಡುತ್ತಲೇ ಇದ್ದಳು. ಯಜಮಾನರ ಮನೆ ದೂರವೇನಲ್ಲ. ಹೊರಗೆ ಯಾವುದೋ ಸೈಕಲ್ಲಿನ ಗಂಟೆ ಕೇಳಿ ಇಬ್ಬರೂ ಬೆಚ್ಚಿಬಿದ್ದೆವು. ಅವನದಲ್ಲ, ಹಾಲಿನವನದು. ಆ ಬೆಚ್ಚುವಿಕೆಯಲ್ಲೇ ನನಗೆ ತಿಳಿದುಹೋಯಿತು. ಈ ಎರಡು ಮೊಳ ಮುಗಿದ ಮೇಲೆ ನಾನು ಗೋಡೆಗೆ ಕಿವಿ ಆನಿಸಿ ಇನ್ನೊಂದು ಸದ್ದು ಕೇಳಬೇಕಾಗುತ್ತದೆ, ಕೇಳಿಯೂ ಇಲ್ಲೇ ಕೂತಿರುತ್ತೇನೆ. ನನ್ನನ್ನು ನಾನು ಬಲ್ಲೆ.

ಅವಳು ಸೆರಗಿನ ತುದಿಯನ್ನು ಬಾಯಿಗೆ ತುರುಕಿಕೊಂಡಳು. ನಾನು ಎಡಗೈಯಲ್ಲಿ ಅವಳ ಮಣಿಕಟ್ಟನ್ನು ಹೊಸ್ತಿಲಿಗೆ ಒತ್ತಿ ಹಿಡಿದು, ಬಲಗೈಯಲ್ಲಿ ಕಲ್ಲೆತ್ತಿ ಹೊಡೆದೆ. ಮೊದಲನೆಯದು ಸರಿಯಾಗಿ ಬೀಳಲಿಲ್ಲ. ಅವಳು ಕಣ್ಣಲ್ಲೇ ಇನ್ನೊಂದು ಎಂದಳು. ಇನ್ನೊಂದು ಹೊಡೆದೆ.

ನಾನು ಹಿತ್ತಲಿಗೆ ಓಡಿ ನೀರು ತರುವಷ್ಟರಲ್ಲಿ ಅವಳು ಕೈಗೆ ಸೆರಗು ಸುತ್ತಿಕೊಂಡು, ಇನ್ನೊಂದು ಕೈಯಲ್ಲಿ ಗುಂಡುಕಲ್ಲು ಎತ್ತಿಕೊಂಡು ಹೋಗಿಯಾಗಿತ್ತು. ನಾನು ನೀರು ಚೆಲ್ಲಿ ಹೊಸ್ತಿಲು ತೊಳೆದೆ. ಒಲೆಯ ಮುಂದೆ ಕೂತು ಕಂಡಿಕೆ ಕೈಗೆ ತೆಗೆದುಕೊಂಡೆ. ಎಳೆ ಸಿಗಲಿಲ್ಲ.

ಅವನು ಬಂದ. ಸೈಕಲ್ಲು ಗೋಡೆಗೆ ಒರಗಿಸಿದ ಸದ್ದು. ಕುಣಿಗೆ ಇಳಿದ ಸದ್ದು. ಅವಳು ಜಜ್ಜಿದ ಕೈಯನ್ನು ಸೆರಗಿನಡಿ ಮುಚ್ಚಿಕೊಂಡು ಅವನ ಎಡಕ್ಕೆ ಹೋಗಿ ಕೂತಿದ್ದಳು. ಆ ಧೈರ್ಯ ಎಲ್ಲಿಂದ ಬಂತೋ ದೇವರೇ ಬಲ್ಲ.

"ಎಸಿ" ಎಂದ.

ಒಂದು ಲಾಳಿ ಹೋಯಿತು. ಇನ್ನೊಂದು ಹೋಯಿತು. ಮೂರನೆಯದು ಕೆಳಗೆ ಬಿತ್ತು.

"ಎಸಿಯೇ! ಇವತ್ತೂ ನಾಟಕಾನಾ?"

ಛಟೀರ್ ಎಂದು ಕೆನ್ನೆಗೆ ಬಿದ್ದ ಏಟು ಗೋಡೆ ದಾಟಿ ಕೇಳಿಸಿತು. ಅವಳು ಕಿರುಚಿದಳು. ಏಳು ವರ್ಷದಲ್ಲಿ ಅವಳ ಎಲ್ಲ ಕೂಗನ್ನೂ ಕೇಳಿದ್ದೇನೆ, ಅಂಥದ್ದನ್ನು ಕೇಳಿರಲಿಲ್ಲ. "ನನ್ ಕೈ! ಅಯ್ಯೋ ನನ್ ಕೈ!" ಎನ್ನುತ್ತ ಬೀದಿಗೆ ಓಡಿದಳು.

ಮೂವತ್ತು ಮಗ್ಗ ಒಟ್ಟಿಗೆ ನಿಂತವು. ಬೀದಿಯ ಅಷ್ಟೂ ಬಾಗಿಲು ತೆರೆದವು. ಹುಟ್ಟಿದಾಗಿನಿಂದ ಇದೇ ಬೀದಿಯಲ್ಲಿ ಇದ್ದೇನೆ, ಒಂದು ಹೆಂಗಸಿನ ಕೂಗಿಗೆ ಇಷ್ಟು ಬಾಗಿಲು ತೆರೆದದ್ದು ಅಂದೇ ನೋಡಿದ್ದು. ತಾಯಾರಮ್ಮ ಕೂದಲು ಬಿಚ್ಚಿಕೊಂಡೇ ಓಡಿ ಬಂದಳು. "ಕೈಗೆ ಹೊಡ್ದವ್ನೆ! ಪಾಪಿ, ಹೆಣ್ಣಿನ ಕೈಗೆ ಹೊಡ್ದವ್ನೆ!" ಎಂದು ಎದೆ ಬಡಿದುಕೊಂಡಳು. ಗಂಡಸರು ಮಾಸಿಲಾಮಣಿಯ ಹೆಗಲು ಹಿಡಿದು ಗುಡಿಯ ಕಟ್ಟೆಗೆ ಎಳೆದುಕೊಂಡು ಹೋದರು. ಅವರ ಕೈಗಳೂ ತಮ್ಮ ಹೆಂಡಿರ ಬೆನ್ನಿಗೆ ಬಿದ್ದ ಕೈಗಳೇ. ಆದರೂ ಅವರ ಕೋಪ ಸುಳ್ಳಾಗಿರಲಿಲ್ಲ, ಅದಕ್ಕೇ ನನಗೆ ಇನ್ನಷ್ಟು ಹೆದರಿಕೆಯಾಯಿತು.

ಕಂದಪ್ಪನವರು ಅಂಗಿ ಕೂಡ ಹಾಕಿಕೊಳ್ಳದೆ ಬಂದರು. ಪೂಂಗಾವನಳ ಕೈ ನೋಡಿದರು. ಬೆರಳುಗಳು ಆಗಲೇ ಬದನೆಕಾಯಿಯ ಬಣ್ಣಕ್ಕೆ ತಿರುಗಿದ್ದವು. ಅವರ ಕಣ್ಣಲ್ಲಿ ನೀರು ಬಂತು.

"ಕೈಗಾ ಹೊಡ್ದೆ? ಅನ್ನ ತಿನ್ನೋ ಮನುಷ್ಯನೇನೋ ನೀನು?"

"ಇಲ್ಲ ಯಜಮಾನ್ರೇ! ಕೈ ಮುಟ್ಟಿಲ್ಲ!" ಮಾಸಿಲಾಮಣಿ ಕೂಗಿದ. ಅವನಿಗೆ ನಿಜವಾಗಿಯೂ ತಲೆ ಕೆಟ್ಟಿತ್ತು. "ಇವತ್ತು ಕೆನ್ನೆಗೆ ಒಂದು ಕೊಟ್ಟೆ, ಒಪ್ಕೋತೀನಿ. ತಲೇಗೆ ಹೊಡ್ದಿದೀನಿ, ಹೌದು. ಬೆನ್ನಿಗೆ ಹೊಡ್ದಿದೀನಿ. ಪಕ್ಕೆಗೆ ಒದ್ದಿದೀನಿ. ಕತ್ತು ಹಿಸುಕಿದೀನಿ. ಸೀಮೆಎಣ್ಣೆ ತಂದಿಟ್ಟಿರೋದೂ ಹೌದು, ಅದನ್ನೂ ಒಪ್ಕೋತೀನಿ! ಆದ್ರೆ ಕೈ? ಏಳು ವರ್ಷದಲ್ಲಿ ಕೈ ಮುಟ್ಟಿಲ್ಲ ಯಜಮಾನ್ರೇ. ಕಾಮಾಕ್ಷಿ ಆಣೆಗೂ ಮುಟ್ಟಿಲ್ಲ! ನಾನೇನು ಕಟ್ಟಳೆ ಗೊತ್ತಿಲ್ದೋನಾ?"

ಒಬ್ಬೊಬ್ಬರ ಮುಖವನ್ನೂ ನೋಡಿದೆ. ಸೀಮೆಎಣ್ಣೆ ಎಂದಾಗ ಯಾರ ಹುಬ್ಬೂ ಏರಲಿಲ್ಲ. ಅವನು ತನ್ನ ಪರವಾಗಿ ಮಾತಾಡುತ್ತಿದ್ದೇನೆ ಎಂದುಕೊಂಡಿದ್ದ, ಕೇಳುವವರೂ ಹಾಗೆಯೇ ಕೇಳುತ್ತಿದ್ದರು. ಒಬ್ಬ ಹಿರಿಯರು, "ಆಣೆ ಇಡ್ತಾ ಅವ್ನಲ್ಲಪ್ಪ" ಎಂದು ಗೊಣಗಿದರು. ಇನ್ನೊಬ್ಬರು ಹೌದು ಎಂಬಂತೆ ತಲೆಯಾಡಿಸಿದರು. ಅವನನ್ನು ನಂಬಿಬಿಟ್ಟರೆ, ರಾಜಿ ಮಾಡಿ ಮನೆಗೆ ಕಳಿಸಿಬಿಟ್ಟರೆ, ಅವಳು ಕೈಯನ್ನೂ ಕಳೆದುಕೊಂಡು ಅದೇ ಬಾಗಿಲೊಳಗೆ ಹೋಗಬೇಕು.

ಕಂದಪ್ಪನವರು ನನ್ನ ಕಡೆ ತಿರುಗಿದರು. "ವಡಿವು, ಒಂದೇ ಗೋಡೆ ನಿಮ್ಮಿಬ್ರಿಗೂ. ನೀನು ಹೇಳು. ಏನು ಕೇಳಿಸ್ತು?"

ಮಾಸಿಲಾಮಣಿಯೂ ನನ್ನ ಕಡೆ ನೋಡಿದ. ನಾನು ಬಲಗೈಯನ್ನು ಸೆರಗಿನೊಳಗೆ ಮುಚ್ಚಿಕೊಂಡೆ. ಅವನು ಆ ಸೆರಗನ್ನು ನೋಡಿದ. ಹೊಸ್ತಿಲು ತೊಳೆದ ನೀರಲ್ಲಿ ಇನ್ನೂ ತೊಯ್ದಿದ್ದ ನನ್ನ ಸೀರೆಯ ನೆರಿಗೆಯನ್ನು ನೋಡಿದ. ನನ್ನ ಮುಖ ನೋಡಿದ. ಅವನಿಗೆ ತಿಳಿಯಿತು. ತಿಳಿದದ್ದು ನನಗೂ ತಿಳಿಯಿತು.

"ಕೇಳಿಸ್ತು ಯಜಮಾನ್ರೇ" ಎಂದೆ. "ಬೆಳಿಗ್ಗೆ ಹೊರಗೆ ಹೋಗೋಕ್ ಮುಂಚೆ ಕಲ್ಲಲ್ಲಿ ಜಜ್ಜಿದ. ಅವಳು ಬೇಡ ಬೇಡ ಅಂತ ಬೇಡ್ಕೋತಿದ್ಳು."

ಅಷ್ಟೇ ಸಾಕಾಯಿತು. ಅವನ ಮೇಲೆ ಎಷ್ಟು ಕೈ ಬಿದ್ದವೋ ಲೆಕ್ಕವಿಲ್ಲ. ಕಂದಪ್ಪನವರು ತಾವೇ ಫೋನು ಮಾಡಿ ಪೊಲೀಸರನ್ನು ಕರೆಸಿದರು. ಜೀಪು ಹತ್ತುವಾಗ ಅವನು ತಿರುಗಿ ನನ್ನನ್ನೇ ನೋಡಿದ.

ಪೂಂಗಾವನ ಆಸ್ಪತ್ರೆಯಿಂದ ಪಟ್ಟಿ ಕಟ್ಟಿಸಿಕೊಂಡು ಬಂದ ಮೇಲೆ ಬೀದಿಯ ಹೆಂಗಸರೆಲ್ಲ ನನ್ನ ಮನೆಯಲ್ಲಿ ಸೇರಿದರು. ತಾಯಾರಮ್ಮ ಪೂಂಗಾವನಳ ಕೈಯನ್ನು ತೊಡೆಯ ಮೇಲಿಟ್ಟುಕೊಂಡು ಹಸುಗೂಸಿನ ಹಾಗೆ ಸವರಿದಳು. ತಾಯಾರಮ್ಮನ ಸೊಸೆ ಮರಗದ, ಇಪ್ಪತ್ತರ ಹುಡುಗಿ, ಅರಿಸಿನದ ಬಟ್ಟಲು ಹಿಡಿದು ಪಕ್ಕದಲ್ಲಿ ಕೂತಿದ್ದಳು. ಹೊರಳುವಾಗ ಪೂಂಗಾವನಳ ಸೆರಗು ಜಾರಿ ಬೆನ್ನು ಕಂಡಿತು. ಏಳು ವರ್ಷದ ಬೆನ್ನು. ತಾಯಾರಮ್ಮ ಸೆರಗನ್ನು ಮೇಲಕ್ಕೆಳೆದು ಮುಚ್ಚಿ, "ಅಯ್ಯೋ, ಈ ಬೆರಳು ನೋಡ್ರೇ, ಎಂಥ ಬೆರಳು" ಎಂದು ಮತ್ತೆ ಕೈ ಸವರತೊಡಗಿದಳು. ಮರಗದ ಮಾತ್ರ ಸೆರಗು ಮುಚ್ಚಿದ ಮೇಲೂ ಅಲ್ಲೇ ನೋಡುತ್ತಿದ್ದಳು.

ಈಗ ಪೂಂಗಾವನ ನನ್ನ ಜೊತೆಯಲ್ಲಿದ್ದಾಳೆ. ಎರಡು ಬೆರಳು ಮಡಿಸಿಕೊಂಡೇ ಗಟ್ಟಿಯಾಗಿವೆ. ಲಾಳಿ ಹಿಡಿಯಲಾಗುವುದಿಲ್ಲ, ನನ್ನ ಹಾಗೆ ಕಂಡಿಕೆ ಸುತ್ತುತ್ತಾಳೆ. ಮಗ್ಗದ ಕೂಲಿಯ ಕಾಲುಭಾಗವೂ ಅದರಲ್ಲಿ ಬರುವುದಿಲ್ಲ. ಉಳಿದ ಎರಡು ಮೊಳವನ್ನು ಯಾರೋ ಬೇರೆ ಗಂಡ ಹೆಂಡತಿ ನೇಯ್ದರು, ಸೀರೆ ಒಳ್ಳೆಯ ಬೆಲೆಗೆ ಹೋಯಿತಂತೆ. ಅವಳು ಉಣ್ಣುತ್ತಾಳೆ, ಒಮ್ಮೊಮ್ಮೆ ನಗುತ್ತಾಳೆ. ಹೆದರಿಕೆ ನನಗೆ ಉಳಿದಿದೆ. ಅವನು ಇವತ್ತಲ್ಲ ನಾಳೆ ಬಿಡುಗಡೆಯಾಗಿ ಬರುತ್ತಾನೆ. ಸೈಕಲ್ಲಿನ ಗಂಟೆ ಕೇಳಿದರೆ ಸಾಕು, ಅಗುಳಿ ಹಾಕಿದ್ದೇನೆಯೇ ಎಂದು ಎದ್ದು ನೋಡುತ್ತೇನೆ.

ಮೊನ್ನೆ ಮಂಗಳವಾರ ತಾಯಾರಮ್ಮ ಗುಡಿಗೆ ಹೋಗಿದ್ದ ಹೊತ್ತಿನಲ್ಲಿ ಹಿತ್ತಲ ಬಾಗಿಲು ಸದ್ದಾಯಿತು. ತೆಗೆದರೆ ಮರಗದ ನಿಂತಿದ್ದಳು. ಬಿಸಿಲಲ್ಲೂ ಕತ್ತಿನ ತನಕ ಸೆರಗು ಸುತ್ತಿಕೊಂಡಿದ್ದಳು. ಒಳಗೆ ಬಂದು ಹೊಸ್ತಿಲ ಪಕ್ಕ ಕೂತಳು. ಪೂಂಗಾವನ ಸುತ್ತುವುದನ್ನು ನಿಲ್ಲಿಸಿದಳು.

"ಏನಮ್ಮ? ಅರಿಸಿನ ಬೇಕಾ?" ಎಂದೆ.

ಅವಳು ಬೇಡವೆಂದು ತಲೆಯಾಡಿಸಿ, ಎಡಗೈಯನ್ನು ನನ್ನ ಹೊಸ್ತಿಲ ಮೇಲೆ ಇಟ್ಟಳು. ಮದುವೆಯ ಗೋರಂಟಿ ಉಗುರಲ್ಲಿ ಇನ್ನೂ ಉಳಿದಿತ್ತು.

"ಎರಡು ಸಾಕಲ್ವಾ ದೊಡ್ಡಮ್ಮ?" ಎಂದು ಕೇಳಿದಳು. ನಾನು ತಿರುಗಿ ನೋಡಿದರೆ ಪೂಂಗಾವನ ತಲೆ ತಗ್ಗಿಸಿದಳು, ಅವಳೇ ಹೇಳಿದ್ದಳು.

ನಾನು ಆ ಕೈಯನ್ನು ಎತ್ತಿ ನನ್ನ ಎರಡೂ ಕೈಯೊಳಗೆ ಹಿಡಿದುಕೊಂಡೆ. ಅವಳು ಬಿಡಿಸಿಕೊಳ್ಳಲು ನೋಡಿದಳು. ನಾನು ಬಿಡಲಿಲ್ಲ. ಬಿಟ್ಟರೆ ಅವಳು ಅದನ್ನು ಇನ್ನು ಯಾರ ಹೊಸ್ತಿಲಿಗೆ ಒಯ್ಯುತ್ತಾಳೋ ಎಂದು ಭಯವಾಯಿತು.